ಗೋಡೆ ಮೇಲಿನ ತೊಂಬತ್ತೆರಡು ಹಲಗೆಗಳು

ಬೆಳಗಿನ ಐದೂವರೆ. ರೂಸೆ ಪಟ್ಟಣದ ಹಳೆಯ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ದೋಬ್ರಿಂಕಾ ವೆಲ್ಕೋವಾ ಸೊಂಟದ ಮೇಲೆ ಕೈಯಿಟ್ಟು ಗೋಡೆಯನ್ನೇ ದಿಟ್ಟಿಸುತ್ತಿದ್ದಾರೆ. ಅಲ್ಲಿ ಮೊಳೆಗಳಿಗೆ ತೂಗುಹಾಕಿದ ತೊಂಬತ್ತೆರಡು ಮರದ ಹಲಗೆಗಳಿವೆ. ಒಂದೊಂದರ ಮೇಲೂ ಒಂದು ಧಾತುವಿನ ಹೆಸರು, ಅದರಡಿ ತೂಕ. ನಾಳೆ ಶಾಲೆ ಶುರು. ಇವತ್ತು ಎಂಟು ಗಂಟೆಗೆ ತನಿಖೆಯವರು ಬರುತ್ತಾರೆ.

"ಏನೋ ಮಿತ್ಕೋ ಇದು! ಆರ್ಗಾನನ್ನ ಸೋಡಿಯಂ ಕೆಳಗೆ ನೇತುಹಾಕಿದೀಯಲ್ಲೋ! ಏನು ಮಾಡಿದ್ರೂ ಮಿಸುಕದ ಸೋಮಾರಿ ಅದು. ಅಲ್ಲಿರಬೇಕಾದ್ದು ಪೊಟ್ಯಾಸಿಯಂ, ನೀರು ಕಂಡ್ರೆ ಉರಿದುಬೀಳೋದು."

ಗೋಡೆಗೆ ಸುಣ್ಣ ಬಳಿದು ಏಣಿ ಮಡಚುತ್ತಿದ್ದ ಮಿತ್ಕೋಗೆ ಅಳುಕೇನೂ ಇಲ್ಲ. "ತೂಕ ನೋಡ್ಕೊಂಡೇ ಹಾಕಿದ್ದು ಚಿಕ್ಕಮ್ಮ. ಹಗುರದ್ದು ಮೊದ್ಲು, ಭಾರದ್ದು ಆಮೇಲೆ. ಕಲಿನಾ ಮೇಡಂ ನೋಡಿ ಸರಿ ಅಂದ್ರಲ್ಲ."

ಪಾಪ, ಅವನದೂ ತಪ್ಪಲ್ಲ. ಪರಮಾಣು ಸಂಖ್ಯೆ ಇದ್ದದ್ದು ಹಲಗೆಯ ಮೇಲಲ್ಲ, ಗೋಡೆಯ ಮೇಲೆ, ಪ್ರತಿ ಮೊಳೆಯ ಅಡಿಯಲ್ಲಿ. ಹೊಸ ಸುಣ್ಣ ಅದನ್ನೆಲ್ಲ ನುಂಗಿಹಾಕಿದೆ.

ದೋಬ್ರಿಂಕಾಗೆ ಐವತ್ತನಾಲ್ಕು. ಕಸ ಗುಡಿಸಲು ಬಂದವರು ಇಲ್ಲಿನ ಸಹಾಯಕಿಯಾಗಿ ಇಪ್ಪತ್ತೆರಡು ವರ್ಷ. ದಿನಕ್ಕೆ ನೂರನಲವತ್ತು ಗಾಜಿನ ನಳಿಕೆ ತೊಳೆಯುತ್ತಾರೆ, ಪ್ರತಿ ಬೇಸಿಗೆ ರಜೆಯಲ್ಲಿ ಹಲಗೆಗಳನ್ನು ಇಳಿಸಿ ಎಣ್ಣೆ ಹಚ್ಚುತ್ತಾರೆ. ಹೊಸ ರಸಾಯನಶಾಸ್ತ್ರ ಶಿಕ್ಷಕಿ ಕಲಿನಾಗೆ ಮಾತ್ರ ಇವು ಹಳೇ ಸೌದೆ. ತನಿಖೆಯಲ್ಲಿ ಒಂದು ತಪ್ಪು ಸಿಕ್ಕರೂ ಎಲ್ಲ ಒಲೆಗೆ, ಗೋಡೆಗೆ ಅಚ್ಚಿನ ಪಟ ಎಂದು ಹೇಳಿಬಿಟ್ಟಿದ್ದಾರೆ. ಆ ಮಾತು ಕೇಳಿದಾಗಿನಿಂದ ದೋಬ್ರಿಂಕಾಗೆ ಊಟ ಸೇರುತ್ತಿಲ್ಲ.

ಏಳಕ್ಕೆ ಕಲಿನಾ ಬರುವಷ್ಟರಲ್ಲಿ ದೋಬ್ರಿಂಕಾ ಆರ್ಗಾನ್-ಪೊಟ್ಯಾಸಿಯಂ ಜೊತೆಗೆ ಕೋಬಾಲ್ಟ್-ನಿಕಲ್, ಟೆಲ್ಯೂರಿಯಂ-ಅಯೋಡಿನ್, ಥೋರಿಯಂ-ಪ್ರೊಟಾಕ್ಟಿನಿಯಂ ಹಲಗೆಗಳನ್ನೂ ಅದಲುಬದಲು ಮಾಡಿದ್ದಾರೆ.

"ಅಯ್ಯೋ, ಯಾಕೆ ಮುಟ್ಟಿದ್ರಿ? ತೂಕ ಹಿಂದುಮುಂದಾಯ್ತಲ್ಲ!"

"ಆಗ್ಲಿ ಮೇಡಂ. ಚಳಿಗಾಲದಲ್ಲಿ ನಾನು ಐದು ಕೆಜಿ ಊದ್ಕೋತೀನಿ, ಅಷ್ಟಕ್ಕೇ ಬೇರೆಯವಳಾಗ್ತೀನಾ? ಒಂದೇ ಧಾತುವಿನಲ್ಲೂ ಭಾರದ ಪರಮಾಣು, ಹಗುರದ ಪರಮಾಣು ಇರ್ತಾವೆ. ಆದ್ರೆ ಒಳಗಿನ ಪ್ರೋಟಾನ್ ಎಷ್ಟು ಅನ್ನೋದು ಬದಲಾಗೋ ಹಾಗಿಲ್ಲ. ಐವತ್ತೆರಡಿದ್ರೆ ಟೆಲ್ಯೂರಿಯಂ. ಐವತ್ಮೂರಾಯ್ತೋ, ಅಯೋಡಿನ್. ಸಾಲು ಹಿಡಿಯೋದು ಆ ಎಣಿಕೆ ಮೇಲೆ, ತೂಕದ ಮೇಲಲ್ಲ."

ಕಲಿನಾ ಪುಸ್ತಕ ತೆರೆದು ಒಂದೊಂದೇ ಹೋಲಿಸಿ ನೋಡುತ್ತಾರೆ. ಮುಖ ಕೆಂಪಾಗುತ್ತದೆ. "ಇದನ್ನೇ ನಾಳೆ ಪಾಠ ಮಾಡ್ಬೇಕಾದವಳು ನಾನು. ಕಣ್ಣುಮುಚ್ಚಿ ಸರಿ ಅಂದುಬಿಟ್ನಲ್ಲ," ಎನ್ನುತ್ತಾ ಕಪ್ಪು ಬಣ್ಣದ ಡಬ್ಬಿ ಹುಡುಕುತ್ತಾರೆ. ಒಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಪ್ರತಿ ಮೊಳೆಯಡಿ ಗೋಡೆಯ ಮೇಲೆ ಸಂಖ್ಯೆ ಬರೆಯುತ್ತಾರೆ. ತನಿಖೆಯವರು ಬಂದಾಗ ಯುರೇನಿಯಂನ ತೊಂಬತ್ತೆರಡು ಇನ್ನೂ ಹಸಿ. ಅವರು ಹಲಗೆಗಳನ್ನು ಎರಡು ನಿಮಿಷ ನೋಡಿ, ಸರಿಯಿದೆ ಎಂದು ಗುರುತು ಹಾಕಿ ಹೊರಡುತ್ತಾರೆ. ಪಟದ ಮಾತನ್ನು ಕಲಿನಾ ಮತ್ತೆ ಎತ್ತುವುದಿಲ್ಲ.

"ಇದನ್ನೆಲ್ಲ ಎಲ್ಲಿ ಕಲಿತ್ರಿ ಚಿಕ್ಕಮ್ಮ?" ಕಲಿನಾ ಕೇಳುತ್ತಾರೆ.

"ಪಕ್ಕದ ಕೋಣೇಲಿ ತೊಳೀತಾ ಕಿವಿಗೆ ಬಿದ್ದಿದ್ದು. ನಲ್ಲಿ ಬಿಟ್ಟಾಗ ಏನೂ ಕೇಳಿಸ್ತಿರಲಿಲ್ಲ, ಹಾಗಾಗಿ ಬಂದಿರೋದು ಅರ್ಧವೇ." ದೋಬ್ರಿಂಕಾ ಕೈ ಒರೆಸಿಕೊಳ್ಳುತ್ತಾರೆ, ಸ್ವಲ್ಪ ನಾಚುತ್ತಾರೆ. "ಮೇಡಂ, ನಾಳೆ ನಳಿಕೆಗಳನ್ನ ಮಧ್ಯಾಹ್ನ ತೊಳೆದ್ರೆ ಆಗತ್ತಾ? ಒಂದು ಪಾಠ ಪೂರ್ತಿ ಕೇಳ್ಬೇಕಿತ್ತು, ಬೆಂಚಿನ ಮೇಲೆ ಕೂತು."