ಹನುಮಕ್ಕನ ಮೈಕು ಆರಿಸಿದ್ದು ನಾನು

ಶಾಮಿಯಾನ ಗಾಳಿಗೆ ಹಾರಬಹುದಿತ್ತು. ಟೇಪು ಕತ್ತರಿಸುವ ಹೊತ್ತಿಗೆ ಸರಿಯಾಗಿ ಕತ್ತರಿ ಕಾಣೆಯಾಗಬಹುದಿತ್ತು. ಕ್ರೇನಿನಿಂದ ಇಳಿಸುವ ಸೇಬಿನ ಹಾರ ಶಾಸಕ ಸಾಹೇಬರ ಕೊರಳಿಗೆ ಬೀಳದೆ ತಲೆಗೇ ಬೀಳಬಹುದಿತ್ತು. ಸ್ವಾಗತದಲ್ಲಿ ಅವರ ಭಾವಮೈದುನನ ಹೆಸರು ತಹಶೀಲ್ದಾರರ ಹೆಸರಿನ ನಂತರ ನನ್ನ ಬಾಯಿಂದ ಬಂದು, ವಾರದೊಳಗೆ ನಾನು ವರ್ಗವಾಗಿ ಪಾವಗಡದ ಗಡಿಯ ಯಾವುದೋ ಶಾಲೆಯಲ್ಲಿ ಮಕ್ಕಳಿಂದಲೇ ತೆಲುಗು ಕಲಿಯುತ್ತ ಕೂರಬೇಕಾಗಬಹುದಿತ್ತು. ಇಷ್ಟನ್ನೂ ಮೊದಲೇ ನೆನೆಸಿಕೊಂಡಿದ್ದೆ. ಒಂದೂ ಆಗಲಿಲ್ಲ. ಆದದ್ದು ಸಣ್ಣದು — ಹನುಮಕ್ಕ, ನೀವು ನಿಜ ಹೇಳಲು ಬಾಯಿ ತೆರೆದಿರಿ, ನಾನು ಮೈಕು ಆರಿಸಿದೆ.

ನಮ್ಮ ಕಡೆ ಸರ್ಕಾರಿ ಸಮಾರಂಭವೆಂದರೆ ನಿರೂಪಣೆಗೆ ಒಬ್ಬ ಕನ್ನಡ ಮೇಷ್ಟ್ರು ಬೇಕು. ಆ ಮೇಷ್ಟ್ರು ನಾನು. ಸಾಹೇಬರಿಗೆ 'ಬಡವರ ಬೆಳಕು', 'ಮಮತೆಯ ಮೇರು' ಎಂದೆಲ್ಲ ಬಿರುದು ಕಟ್ಟಿದವನೂ ನಾನೇ; ಪ್ರಾಸ ಚೆನ್ನಾಗಿ ಕೂತಿತೆಂದು ಒಳಗೊಳಗೇ ಹಿಗ್ಗಿದ್ದೆ. ಮೊದಲು ಅವರ ತಂದೆ ಆ ಕುರ್ಚಿಯಲ್ಲಿದ್ದರು, ಆಮೇಲೆ ಇವರು, ಈಗ ಸೊಸೆ ಫ್ಲೆಕ್ಸುಗಳಲ್ಲಿ ಕೈಮುಗಿಯತೊಡಗಿದ್ದಾಳೆ. ಗುತ್ತಿಗೆಗಳೆಲ್ಲ ಭಾವಮೈದುನನವು. ಹೋದಲ್ಲೆಲ್ಲ "ನಾನು ನಿಮ್ಮ ಮನೆ ಮಗ" ಅನ್ನುವ ಈ ಮನುಷ್ಯ ಯಾವ ಮನೆಯ ನೀರನ್ನೂ ಕುಡಿಯುವುದಿಲ್ಲ; ಬಾಟಲಿ ಕಾರಿನಲ್ಲೇ ಬರುತ್ತದೆ.

ನೀವು ಪಂಚಾಯಿತಿ ಸದಸ್ಯೆಯಾದ ಮೇಲೆ ಕಾಲೋನಿಗೊಂದು ಶುದ್ಧ ನೀರಿನ ಘಟಕ ಬೇಕೆಂದು ಕಚೇರಿ ಕಚೇರಿ ಅಲೆದಿರಿ. ಮಂಜೂರೂ ಆಯಿತು. ಉದ್ಘಾಟನೆಯ ಹಿಂದಿನ ದಿನ ನಾನು ಜಾಗ ನೋಡಲು ಬಂದಾಗ ಘಟಕದ ಹಿಂದೆ ನೀರಿನ ಟ್ಯಾಂಕರ್ ನಿಂತಿತ್ತು. ಒಳಗೆ ಇಣುಕಿದೆ. ಯಂತ್ರವಿರಲಿಲ್ಲ, ಮೋಟಾರಿರಲಿಲ್ಲ. ಒಂದು ಸಿಂಟೆಕ್ಸು, ಹೊರಗೊಂದು ನಲ್ಲಿ, ಗೋಡೆಯ ಮೇಲೆ ಸಾಹೇಬರ ನಗು. ನನಗೆ ಗೊತ್ತಾಗಿತ್ತು, ಹನುಮಕ್ಕ. ಗೊತ್ತಾದ ಮೇಲೂ ನನ್ನ ಚಿಂತೆಯೆಲ್ಲ — ಕತ್ತರಿಯದೇ.

ಮರುದಿನ ಸಾಹೇಬರು ನಲ್ಲಿ ತಿರುಗಿಸಿ ವೇದಿಕೆಗೆ ಹೋಗಿ ಕೂತರು. ನೀವು ಒಂದು ಲೋಟ ಕುಡಿದು, ಬಾಗಿಲ ಸಂದಿಯಿಂದ ಒಳಗೆ ಇಣುಕಿದಿರಿ. ಫಲಾನುಭವಿಗಳಿಂದ ಎರಡು ಮಾತು ಆಡಿಸುವುದು ಪದ್ಧತಿ. ಮೈಕನ್ನು ಅವರ ಕೈಗೆ ಕೊಡುವುದಿಲ್ಲ ನಾವು. ಬಾಯಿಯ ಹತ್ತಿರ ಹಿಡಿಯುತ್ತೇವೆ, ಹಿಡಿತ ನಮ್ಮಲ್ಲೇ ಇರುತ್ತದೆ.

"ಸಾಮಿ, ಈ ನೀರು ನಮ್ಮ—" ಅಂದಿರಿ.

ನನ್ನ ಹೆಬ್ಬೆರಳು ಗುಂಡಿ ಜಾರಿಸಿತು. ಉಳಿದದ್ದನ್ನು ಕೇಳಿದವನು ನಾನೊಬ್ಬನೇ: "ನಮ್ಮ ಬೋರಿಂದಲ್ಲ ಸಾಮಿ, ಟ್ಯಾಂಕ್ರಲ್ಲಿ ತಂದು ಹುಯ್ದವ್ರೆ, ಒಳಗೆ ಮಿಷಿನ್ನೇ ಇಲ್ಲ!" ದನಿ ಹೊರಡದ್ದು ತಿಳಿದು ನನ್ನ ಮುಖ ನೋಡಿದಿರಿ. ಸಿಟ್ಟಿಗೆ ನಿಮ್ಮ ಕಣ್ಣಲ್ಲಿ ನೀರು ಬಂತು. ನಾನು ಮೈಕನ್ನು ನನ್ನ ಬಾಯಿಗೆ ತಿರುಗಿಸಿ, ಗುಂಡಿ ಮತ್ತೆ ಜಾರಿಸಿ, ನನ್ನ ಅತ್ಯುತ್ತಮ ದನಿಯಲ್ಲಿ ಹೇಳಿದೆ:

"ಸಂತೋಷಕ್ಕೆ ಅಕ್ಕನವರಿಗೆ ಮಾತೇ ಹೊರಡುತ್ತಿಲ್ಲ! ಈ ಆನಂದಬಾಷ್ಪಕ್ಕೆ ಜೋರಾದ ಚಪ್ಪಾಳೆ!"

ಹೊಡೆದರು. ನಿಮ್ಮ ಕಾಲೋನಿಯವರೂ ಹೊಡೆದರು.

ಟ್ಯಾಂಕರ್ ನೀರು ಮುಗಿಯಿತು, ಘಟಕಕ್ಕೆ ಬೀಗ ಬಿತ್ತು. ಅಳುವ ನಿಮ್ಮ ಮುಖ ಚುನಾವಣೆಯ ಫ್ಲೆಕ್ಸಿಗೆ ಹೋಯಿತು, ಸಾಹೇಬರು ಮತ್ತೆ ಗೆದ್ದರು. ನಿಮ್ಮ ಬೀದಿಯವರು ಮಾತ್ರ ನಿಮ್ಮನ್ನು ಬಿಡಲಿಲ್ಲ. "ಏನು ಕೊಟ್ರೋ ಹನುಮಿಗೆ, ಸಾಹೇಬ್ರ ಮುಂದೆ ಕಣ್ಣೀರಾಕ್ಬುಟ್ಟು ನಮ್ ನೀರು ಮಾರ್ಕಂಡ್ಲು ಕಣ್ಲಾ" — ಇದು ನನ್ನ ಕಿವಿಗೂ ಬಿತ್ತು. ಚಹಾ ಕುಡಿಯುತ್ತಿದ್ದೆ. ಪೂರ್ತಿ ಕುಡಿದೇ ಎದ್ದೆ. ಮುಂದಿನ ಪಂಚಾಯಿತಿ ಚುನಾವಣೆಯಲ್ಲಿ ನೀವು ಸೋತಿರಿ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಹೋದ ತಿಂಗಳು ಶಿರಾ ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ. ನಾನು ಕಂಬದ ಹಿಂದೆ ಸರಿಯಲು ನೋಡಿದೆ — ಈ ಹೊಟ್ಟೆಗೆ ಮರೆಯಾಗುವ ಕಂಬ ಅಲ್ಲಿರಲಿಲ್ಲ. ನೀವೇ ಹತ್ತಿರ ಬಂದಿರಿ.

"ಯಾಕ್ ಮೇಷ್ಟ್ರೇ ಹಿಂಗ್ ಹೆದರ್ಕಂತೀರಾ? ನಿಮ್ದೇನ್ ತಪ್ಪು ಬುಡಿ. ಅವ್ರು ಹೇಳಿದ್ರು, ನೀವು ಆರಿಸಿದ್ರಿ. ಹೆಂಡ್ರು ಮಕ್ಕಳಿರೋರು."

ನಾನು ತಲೆಯಾಡಿಸಿದೆ. ಹೌದು ಅನ್ನುವಂತೆ. ಆ ತಲೆಯಾಡಿಸಿದ್ದಿದೆಯಲ್ಲ — ಮೈಕು ಆರಿಸಿದ್ದಕ್ಕಿಂತಲೂ ಅದು ನನಗೆ ಹೇಸಿಗೆ.

ಯಾರೂ ಹೇಳಿರಲಿಲ್ಲ, ಹನುಮಕ್ಕ. ಸಾಹೇಬರು ಕಣ್ಸನ್ನೆ ಕೂಡ ಮಾಡಲಿಲ್ಲ. ಅವರಾಗ ಯಾರ ಜೊತೆಗೋ ಸೆಲ್ಫಿಗೆ ನಿಂತಿದ್ದರು. ಹೆದರಿದ್ದೆ ಎಂದು ಬರೆಯಹೊರಟೆ, ಹೊಡೆದುಹಾಕಿದೆ. ಹೆದರುವುದಕ್ಕೂ ಸ್ವಲ್ಪ ಹೊತ್ತು ಬೇಕು. ನನ್ನ ಬೆರಳಿಗೆ ಅಷ್ಟೂ ಬೇಕಾಗಲಿಲ್ಲ. ಅಂಥವರು ತಲೆಮಾರುಗಟ್ಟಲೆ ಕೂರುವುದು ಇಂಥ ಬೆರಳುಗಳ ಮೇಲೆಯೇ ಇರಬೇಕು —

ಈ ಗುರುವಾರ ನಿಮ್ಮ ಕಾಲೋನಿಯಲ್ಲಿ ಗ್ರಾಮಸಭೆಯಂತೆ. ನಿರೂಪಣೆಗೆ ಕರೆದಿದ್ದರು, ಒಲ್ಲೆ ಅಂದಿದ್ದೇನೆ. ಆದರೆ ಬರುತ್ತೇನೆ. ಜನರ ನಡುವೆ ಎದ್ದು ನಿಂತು, ನೀವು ಅಂದು ಹೇಳಿದ್ದನ್ನು ಪೂರ್ತಿ ಹೇಳುತ್ತೇನೆ, ನಾನು ಮಾಡಿದ್ದನ್ನೂ. ಬಸ್ ನಿಲ್ದಾಣದಲ್ಲಿ ನೀವು ಕೊಟ್ಟ ಕ್ಷಮೆ, ಹೇಳಿಸಿಕೊಂಡು ಹೆದರಿ ಆರಿಸಿದ ಇನ್ಯಾರೋ ಮೇಷ್ಟ್ರಿಗೆ ಸೇರಬೇಕಾದದ್ದು. ಅದನ್ನು ಅಲ್ಲಿ, ಎಲ್ಲರೆದುರು, ಹಿಂದಕ್ಕೆ ತೆಗೆದುಕೊಳ್ಳಿ.