ಕಾಜಾ ಅಕ್ಕನ ಸಾಲ

ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಆ ಬೀದಿಯ ದರ್ಜಿಗಳೆಲ್ಲರ ಕಾಜಾಗಳನ್ನು ಕೈಯಲ್ಲೇ ಹೊಲಿದುಕೊಡುತ್ತಿದ್ದವಳು ಅವಳೊಬ್ಬಳೇ. ಹಾಗಾಗಿ ಹೆತ್ತವರಿಟ್ಟ ಹೆಸರು ಮೂಲೆ ಸೇರಿ, ಎಲ್ಲರ ಬಾಯಲ್ಲೂ ಕಾಜಾ ಅಕ್ಕನಾದಳು. ಬಸ್ಸು ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವಳಿಗೆ ಯಾವುದೂ ನಾಟುತ್ತಿರಲಿಲ್ಲ. ಸೂಜಿ ಚುಚ್ಚಿದ್ದು ಕೂಡ ಬಟ್ಟೆಗೆ ರಕ್ತ ತಾಗಿದ ಮೇಲೆಯೇ ಗೊತ್ತಾಗುತ್ತಿತ್ತು. ಪಕ್ಕದ ಬೀದಿಗೆ ಕಾಜಾ ಮಷೀನು ಬಂದು ಅಂಗಿಗಳ ಗಂಟುಗಳೆಲ್ಲ ಅತ್ತ ಹೊರಟಾಗಲೂ ಸುಮ್ಮನಿದ್ದಳು. ಆದರೆ ಹೊಟ್ಟೆ ಸುಮ್ಮನಿರಬೇಕಲ್ಲ! ತಾನೂ ಒಂದು ಮಷೀನು ಕೊಂಡು ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡದೆ ಗತಿಯಿರಲಿಲ್ಲ.

ಸುದ್ದಿ ಕಿವಿಗೆ ಬಿದ್ದ ದಿನವೇ ಬಣ್ಣದ ಅಂಗಡಿ ಇಟ್ಟಿದ್ದ ಅವಳ ಸ್ವಂತ ಅಣ್ಣ ಬಂದ. ಒಳ್ಳೆಯವನು. ಗುಂಡಿ ಕಿತ್ತುಹೋದ ಅಂಗಿಯೊಂದನ್ನೂ ತಂದಿದ್ದ. ಅವನ ಗುಂಡಿಗಳೆಲ್ಲ ಚಿಕ್ಕಂದಿನಿಂದ ಅವಳದೇ ಪಾಲು.

"ಬ್ಯಾಂಕು ಗೀಂಕು ಅಂತ ಯಾಕೆ ಅಲೀತೀಯ? ನಾನ್ ಕೊಡ್ತೀನಿ. ಬಡ್ಡಿ ಬೇಡ, ಪತ್ರ ಬೇಡ. ಆದಾಗ ಕೊಡು."

"ಯೋಚ್ನೆ ಮಾಡಿ ಹೇಳ್ತೀನಣ್ಣ."

"ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ? ನಮ್ ದುಡ್ಡೇ ತಾನೆ!"

ಏನಿತ್ತೆಂದರೆ, ಗಂಡನ ಊಟದ ತಟ್ಟೆ ಇತ್ತು. ಹಿಂದೊಮ್ಮೆ ಸೂರಿನ ರಿಪೇರಿಗೆ ಅವನು ಇದೇ ಅಣ್ಣನಿಂದ ಕೈಗಡ ತಂದಿದ್ದ. ಮುಂದಿನ ವರ್ಷವೇ ಚುಕ್ತಾ ಮಾಡಿದ. ಚುಕ್ತಾ ಆದದ್ದು ದುಡ್ಡು ಮಾತ್ರ. ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅಣ್ಣ, "ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ! ಅಲ್ವಾ ಭಾವ?" ಎಂದು ಬೆನ್ನು ತಟ್ಟಿ ನಗುತ್ತಿದ್ದ. ತಮಾಷೆಗೇ. ಗಂಡನೂ ನಗುತ್ತಿದ್ದ, ಆದರೆ ಅಲ್ಲಿ ಅವನು ಎರಡನೇ ಸಲ ಬಡಿಸಿಕೊಂಡದ್ದನ್ನು ಅವಳು ಆಮೇಲೆ ನೋಡಲೇ ಇಲ್ಲ. ಬಡ್ಡಿಯಿಲ್ಲದ ಸಾಲಕ್ಕೆ ಹಂಗು ಅನ್ನುವುದೇ ಬಡ್ಡಿ. ಅದಕ್ಕೆ ಕಂತೂ ಇಲ್ಲ, ಕೊನೆಯೂ ಇಲ್ಲ.

ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತಿದ್ದಾಕೆ ಬಡ್ಡಿ, ಕಂತು, ತಪ್ಪಿದರೆ ದಂಡ, ಅಡವಿಡಬೇಕಾದ ಚಿನ್ನ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಎದೆ ಧಸಕ್ಕೆನ್ನಬೇಕಾದ ಲೆಕ್ಕ. ಕಾಜಾ ಅಕ್ಕ ಕೇಳಿದ್ದು ಒಂದೇ.

"ಎಲ್ಲಾ ತೀರಿಸಿದ ಮೇಲೆ ನೀವೇನಾದ್ರೂ ಅಂತೀರಾ?"

ಆಕೆಗೆ ತಲೆಬುಡ ತಿಳಿಯಲಿಲ್ಲ. "ತೀರಿದ ಮೇಲೆ ನಿಮಗೂ ನಮಗೂ ಏನಮ್ಮ ಸಂಬಂಧ? ನಿಮ್ ಸರ ತಗೊಂಡು ಹೋಗ್ತಾ ಇರಿ."

ಕಾಜಾ ಅಕ್ಕ ಕೂತಲ್ಲೇ ಕತ್ತಿನ ಸರ ಬಿಚ್ಚಿಟ್ಟಳು.

ಅಣ್ಣನಿಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ತಾನೇ ಬಣ್ಣದ ಅಂಗಡಿಗೆ ಹೋಗಿ ಹೇಳಿದಳು. ಅವನು ಡಬ್ಬಿಯ ಬಣ್ಣ ಕಲಕುತ್ತಲೇ ಇದ್ದ.

"ಅಣ್ಣ ಅಂತ ಒಬ್ಬ ಬದುಕಿದೀನಿ ಕಣೆ."

ತಟ್ಟೆಯ ಮಾತು ನಾಲಿಗೆಯ ತುದಿಗೆ ಬಂತು. ಸತ್ತವನನ್ನು ಯಾಕೆ ಎಳೆಯುವುದೆಂದು ನುಂಗಿಕೊಂಡಳು. "ನಮ್ಮಿಬ್ರ ಸಲುಗೆ ಕೆಡಬಾರ್ದು ಅಂತ ಅಣ್ಣ," ಎಂದಳು. ಅವನು ಡಬ್ಬಿಯ ಮುಚ್ಚಳ ಬಡಿದು ಮುಚ್ಚಿದ.

ಮಷೀನು ಬಂತು. ಕೈಯಲ್ಲಾದರೆ ಮೊದಲು ಬಟ್ಟೆ ಸೀಳಿ ಆಮೇಲೆ ಅಂಚು ಹೊಲಿಯಬೇಕು. ಇದು ಮೊದಲು ಹೊಲಿದು, ಕೊನೆಗೆ ಕಚಕ್ಕೆಂದು ನಡುವೆ ಸೀಳುತ್ತಿತ್ತು. ಹಳೆಯ ಅಭ್ಯಾಸ ಬಿಡದೆ ಅವಳು ತಾನೇ ಸೀಳಿದ ಬಟ್ಟೆಯನ್ನು ಅದರಡಿ ಒಡ್ಡಿ ಕೆಲವು ಅಂಗಿಗಳನ್ನು ಹಾಳುಮಾಡಿದಳು, ದರ್ಜಿಗಳಿಂದ ಬೈಸಿಕೊಂಡಳು. ಆಮೇಲೆ ಕೈ ಪಳಗಿತು. ಗಂಟುಗಳು ವಾಪಸು ಬಂದವು. ಕಂತು ತಪ್ಪಲಿಲ್ಲ.

ಅಣ್ಣ ಬಂದದ್ದು ತಿಂಗಳುಗಳೇ ಕಳೆದ ಮೇಲೆ, ಗುಂಡಿ ಕಿತ್ತ ಅಂಗಿ ಹಿಡಿದುಕೊಂಡು. ಒಳಗೆ ನುಗ್ಗದೆ ಬಾಗಿಲಲ್ಲಿ ಗಿರಾಕಿಗಳ ಜೊತೆ ನಿಂತ. ಅವಳು ಮಷೀನು ನಿಲ್ಲಿಸಿ, ಕೈಯಲ್ಲೇ ಗುಂಡಿ ಹೊಲಿದು, ದಾರವನ್ನು ಹಲ್ಲಲ್ಲಿ ಕಡಿದು ಅಂಗಿ ಚಾಚಿದಳು.

"ಎಷ್ಟಾಯ್ತು?" ಎಂದ ಅಣ್ಣ, ಜೇಬಿಗೆ ಕೈ ಹಾಕಿ.

ತಮಾಷೆಯೇನೋ ಎಂದು ಅವನ ಮುಖ ನೋಡಿದಳು. ನಗು ಇರಲಿಲ್ಲ. ಎಲ್ಲರಿಗೂ ಹೇಳುವ ದರವನ್ನೇ ಹೇಳಿದಳು. ಅವನು ಕೊಟ್ಟ, ಚಿಲ್ಲರೆ ಇಸಿದುಕೊಂಡು ಹೋದ.

ಅಳು ಬರಬೇಕಿತ್ತು, ಬರಲಿಲ್ಲ. ಆ ದುಡ್ಡನ್ನು ಕಂತಿನ ಡಬ್ಬಿಗೆ ಹಾಕಿ ಮುಂದಿನ ಅಂಗಿಗೆ ಕೈ ಚಾಚಿದಳು.