ಕಿವಿ ಮಾಮನ ಮೀಸೆ

ಉಗ್ರಪ್ಪನಿಗೆ ಹೆದರುವವರು ಈ ಪ್ರಪಂಚದಲ್ಲಿ ಒಟ್ಟು ಹತ್ತು ಜನ ಇದ್ದರು. ಹತ್ತೂ ಮಂದಿ ಅವನ ಅಕ್ಕತಂಗಿಯರ ಮಕ್ಕಳು. ಮಿಕ್ಕವರು ಯಾರೂ ಹೆದರುತ್ತಿರಲಿಲ್ಲ. ರಾಜಾಜಿನಗರದ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಅವನು ಸ್ಟೋರ್ ಕೀಪರು. ಅಲ್ಲಿಯ ಬೆಕ್ಕು ಅವನ ಕುರ್ಚಿಯಲ್ಲಿ ಮಲಗಿದ್ದರೆ ಎಬ್ಬಿಸಲು ಮನಸ್ಸಾಗದೆ ತಾನೇ ಡಬ್ಬದ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಹುಟ್ಟಿದಾಗ ಕೇರಿಗೆಲ್ಲ ಕೇಳುವಂತೆ ಅತ್ತನೆಂದು ಆ ಹೆಸರಿಟ್ಟರಂತೆ. ಆಮೇಲೆ ಮೂವತ್ತನಾಲ್ಕು ವರ್ಷ ಆ ಹೆಸರಿಗೆ ತಕ್ಕ ಒಂದು ಕೆಲಸವನ್ನೂ ಅವನು ಮಾಡಲಿಲ್ಲ.

ಮಕ್ಕಳು ಹೆದರಿದ್ದರಲ್ಲಿ ತಪ್ಪು ಅವನದಲ್ಲ, ಪದ್ಧತಿಯದು. ಮಗುವಿನ ಮುಡಿ ತೆಗೆಸುವಾಗ, ಕಿವಿ ಚುಚ್ಚಿಸುವಾಗ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ನಾಲ್ಕು ಜನ ಅಕ್ಕತಂಗಿಯರ ನಡುವೆ ಉಗ್ರಪ್ಪ ಒಬ್ಬನೇ ಗಂಡು. ಅಕ್ಕ ಅಂಜನಮ್ಮ ವಿಜಯನಗರದಲ್ಲಿ, ಇಬ್ಬರು ತಂಗಿಯರು ಹೆಗ್ಗನಹಳ್ಳಿ ಮತ್ತು ನಂದಿನಿ ಲೇಔಟಿನಲ್ಲಿ, ಕೊನೆಯವಳು ಯಶೋದೆ ಕೆಂಗೇರಿ ಉಪನಗರದಲ್ಲಿ. ಯಾರ ಮನೆಯಲ್ಲಿ ಮಗುವಿಗೆ ವರ್ಷ ತುಂಬಿದರೂ ಉಗ್ರಪ್ಪನಿಗೆ ಹೊಸ ಪಂಚೆ, ಹೊಸ ಶಲ್ಯ. ಅವನ ತೊಡೆಯ ಮೇಲೆ ಒಂದು ಹೊಸ ಅಳು.

"ಹತ್ತು ತಲೆ, ಇಪ್ಪತ್ತು ಕಿವಿ. ರಾವಣನ ಲೆಕ್ಕ ಸರಿಯಾಯ್ತು ನೋಡಿ ನಿಮ್ದು" ಎಂದು ಹೆಂಡತಿ ಇಂದ್ರಮ್ಮ ನಗುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಮಕ್ಕಳು ಮರೆಯುತ್ತಿದ್ದವೋ ಏನೋ. ಆದರೆ ಆ ತಾಯಂದಿರಿಗೆ ಒಂದು ಸುಲಭದ ದಾರಿ ಸಿಕ್ಕಿಬಿಟ್ಟಿತ್ತು. ಅನ್ನ ಉಣ್ಣದಿದ್ದರೆ, ಮಧ್ಯಾಹ್ನ ಮಲಗದಿದ್ದರೆ, ಸ್ಲೇಟು ಮುಟ್ಟದಿದ್ದರೆ, "ಇರು, ಕಿವಿ ಮಾಮನ್ನ ಕರೀತೀನಿ." ಗುಮ್ಮನಿಗಾದರೆ ವಿಳಾಸವಿಲ್ಲ, ಉಗ್ರಪ್ಪನ ಮನೆ ಇರುವುದು ರಾಜಾಜಿನಗರದ ಎಷ್ಟನೇ ಬ್ಲಾಕಿನಲ್ಲಿ ಎಂಬುದು ಮಕ್ಕಳಿಗೆಲ್ಲ ಗೊತ್ತಿತ್ತು. ಅವನು ಕಡ್ಲೆಮಿಠಾಯಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತರೆ ಮಕ್ಕಳು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ನುಗ್ಗುತ್ತಿದ್ದವು. ಮಿಠಾಯಿಯನ್ನು ನೆಲದ ಮೇಲಿಟ್ಟು ಅವನು ನಾಲ್ಕು ಹೆಜ್ಜೆ ಹಿಂದೆ ಸರಿದರೆ, ಒಂದು ಕೈ ಮಾತ್ರ ಹೊರಗೆ ಬಂದು ಪೊಟ್ಟಣ ಎಳೆದುಕೊಳ್ಳುತ್ತಿತ್ತು.

ಉಗ್ರಪ್ಪ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅವನಿಗೆ ನೋವಾಗುತ್ತಿತ್ತು. ಮದುವೆಯಾಗಿ ಏಳು ವರ್ಷವಾಗಿದ್ದರೂ ಅವನಿಗೆ ಮಕ್ಕಳಾಗಿರಲಿಲ್ಲ. ಒಂದಾದರೂ ಮಗು ತಾನಾಗಿ ಬಂದು ತೊಡೆಯ ಮೇಲೆ ಕೂತರೆ ಸಾಕು ಎಂದು ಅವನಿಗೆ ಆಸೆ. ಯಾರ ಮುಂದೆಯೂ ಅವನು ಅದನ್ನು ಬಾಯಿಬಿಟ್ಟು ಹೇಳಿದವನಲ್ಲ.

ಆಮೇಲೆ ಹನ್ನೊಂದನೆಯದಾಗಿ ಯಶೋದೆಗೆ ಹೊನ್ನಿ ಹುಟ್ಟಿದಳು.

ಹೊನ್ನಿಗೆ ಇನ್ನೂ ಮಾತು ಬಾರದು, ಹಾಗಾಗಿ ಕಿವಿ ಮಾಮನ ಕಥೆ ಅವಳಿಗೆ ತಲುಪಿರಲಿಲ್ಲ. ಉಗ್ರಪ್ಪ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಕೆಂಗೇರಿಗೆ ಹೋಗುತ್ತಿದ್ದ. ಗೇಟಿನ ಬಳಿ ನಿಂತು ಕಂಡಕ್ಟರನ ಹಾಗೆ "ರೈಟ್ ರೈಟ್!" ಎನ್ನುತ್ತಿದ್ದ. ಒಳಗಿಂದ ಹೊನ್ನಿ ಅಂಬೆಗಾಲಿನಲ್ಲಿ ಬಂದು ಎರಡೂ ಕೈ ಮೇಲೆತ್ತುವಳು. ಎತ್ತಿಕೊಂಡರೆ ಮೊದಲ ಕೆಲಸ ಅವನ ಮೀಸೆ ಹಿಡಿದು ಜಗ್ಗುವುದು. ಅಪ್ಪ ಕೆಂಪಯ್ಯನಿಂದ ಬಂದ ಪೊದೆ ಮೀಸೆ ಅದು. ಆ ಪುಟ್ಟ ಮುಷ್ಟಿಗೆ ಚೆನ್ನಾಗಿ ಸಿಗುತ್ತಿತ್ತು. ಕಣ್ಣಲ್ಲಿ ನೀರು ಬಂದರೂ ಉಗ್ರಪ್ಪ ಬಿಡಿಸಿಕೊಳ್ಳುತ್ತಿರಲಿಲ್ಲ. ಆ ಭಾನುವಾರಗಳ ಸಲುವಾಗಿಯೇ ಅವನು ವಾರದ ಉಳಿದ ದಿನಗಳನ್ನು ತಳ್ಳುತ್ತಿದ್ದ.

ಹೀಗಿರುವಾಗ ಎಂಬತ್ತಾರರ ಮಾಘದಲ್ಲಿ ಯಶೋದೆ ಅಂದಳು: "ಅಣ್ಣ, ಬರೋ ತಿಂಗಳು ಹೊನ್ನಿಗೆ ವರ್ಷ ತುಂಬತ್ತೆ. ಅವತ್ತೇ ಕಿವೀನೂ ಚುಚ್ಚಿಸ್ಬಿಡೋಣ. ಮುಡಿ ಬೇಕಾದ್ರೆ ಮುಂದಿನ ವರ್ಷ."

"ಅವತ್ತು ನನಗೆ ಫ್ಯಾಕ್ಟ್ರೀಲಿ ಓಟಿ ಇರತ್ತೆ ಕಣೇ" ಎಂದ ಉಗ್ರಪ್ಪ.

"ಇನ್ನೂ ದಿನಾನೇ ಹೇಳಿಲ್ವಲ್ಲಣ್ಣ!"

ಮನೆಗೆ ಬಂದು ಅವನು ತಾಯಿಯ ಹತ್ತಿರ ರಾಗ ತೆಗೆದ. ಈ ಸಲ ಬೇರೆ ಯಾರಾದರೂ ಕೂರಲಿ, ತನಗೆ ಮಂಡಿ ನೋವು ಎಂದ. ಲಕ್ಷ್ಮಿದೇವಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು. "ನಾಲ್ಕು ಹೆಣ್ಣಿನ ಮಧ್ಯ ನಿನ್ನ ಹೆತ್ತಿದ್ಯಾಕೋ ನಾನು? ಇರೋನೊಬ್ಬ ಸೋದರಮಾವ, ಅವನಿಗೆ ಮಂಡಿ ನೋವಂತೆ. ಯಶೋದೆ ಗಂಡನ ಮನೆಯೋರ ಮುಂದೆ ನಮ್ಮ ಮಾನ ಕಳೀಬೇಡ." ಅಲ್ಲಿಗೆ ಆ ವಿಷಯ ಮುಗಿಯಿತು.

ಮೂರು ವಾರ ಉಗ್ರಪ್ಪನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯದು. ಕೂರದಿದ್ದರೆ ತಂಗಿಗೆ ಅವಮಾನ, ಕೂತರೆ ಇರುವ ಒಂದು ಮಗುವೂ ಮಂಚದ ಕೆಳಗೆ. ಕೊನೆಗೆ ಒಂದು ಮಧ್ಯಾಹ್ನ ಸ್ಟೋರಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಒಂದೇ ಥರದ ಎರಡು ಡಬ್ಬವಿದ್ದರೂ ಚೀಟಿ ಬೇರೆಯಾದರೆ ಯಾರೂ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ. ಹೊನ್ನಿಗೆ ಮಾಮ ಎಂದರೆ ಮೀಸೆ. ಮೀಸೆಯಿಲ್ಲದ ಯಾವನೋ ಒಬ್ಬ ಬಂದು ಕಿವಿ ಚುಚ್ಚಿಸಿ ಹೋದರೆ, ಸಿಟ್ಟೆಲ್ಲ ಆ ಮೀಸೆಯಿಲ್ಲದವನ ಮೇಲೆ. ಒಂದೂವರೆ ತಿಂಗಳು ಕೆಂಗೇರಿ ಕಡೆ ತಲೆ ಹಾಕದೆ ಮೀಸೆ ಬೆಳೆಸಿಕೊಂಡು ಹೋದರೆ, ಮೊದಲಿನ ಮಾಮ ಮೊದಲಿನ ಹಾಗೇ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಅವನು ಅವತ್ತು ಕ್ಯಾಂಟೀನಿನಲ್ಲಿ ಎರಡು ವಡೆ ಹೆಚ್ಚಿಗೆ ತಿಂದ.

ಶನಿವಾರವೇ ಅಪ್ಪ ಅಮ್ಮ, ಇಂದ್ರಮ್ಮ ಕೆಂಗೇರಿಗೆ ಹೋಗಿದ್ದರು. ಭಾನುವಾರ ಬೆಳಗ್ಗೆ ಉಗ್ರಪ್ಪ ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಕಣ್ಣು ಅರ್ಧ ಮುಚ್ಚಿಕೊಂಡು, ಮೀಸೆಯನ್ನು ನುಣ್ಣಗೆ ತೆಗೆದ. ಹೊರಗೆ ಬಂದಾಗ ಎದುರುಮನೆಯ ಸೋಮಲಿಂಗಪ್ಪನವರು ಅವನ ಮುಖ ನೋಡಿ, ಚಪ್ಪಲಿ ಬಿಟ್ಟು, ಕೈ ಜೋಡಿಸಿ, ಏನೂ ಮಾತಾಡದೆ ತಲೆ ಬಗ್ಗಿಸಿ ನಿಂತರು. ಇವರಿಗೆ ಇವತ್ತೇನು ಇಷ್ಟು ಭಕ್ತಿ ಎಂದುಕೊಂಡು ಉಗ್ರಪ್ಪ ತಾನೂ ಕೈ ಮುಗಿದು ಬಸ್ಸಿಗೆ ಓಡಿದ.

ಕೆಂಗೇರಿಯ ಮನೆಗೆ ಮಾವಿನ ತೋರಣ ಕಟ್ಟಿತ್ತು. ಒಳಗಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಅಂಜನಮ್ಮ ಗೇಟಿನ ಮುಂದೆ ರಂಗೋಲಿಯ ಕೊನೆ ಎಳೆ ಎಳೆಯುತ್ತಿದ್ದವಳು ತಲೆ ಎತ್ತಿ ತಮ್ಮನನ್ನು ನೋಡಿದಳು. ರಂಗೋಲಿ ಬಟ್ಟಲು ಕೈಯಿಂದ ಬಿತ್ತು.

"ಅಯ್ಯೋ ಅಪ್ಪಾ! ಅಪ್ಪಾ!" ಎಂದು ಕಿರುಚಿಕೊಂಡು ಒಳಗೆ ಓಡಿದಳು. ಅಡಿಗೆಮನೆಯಿಂದ ಬಂದ ಲಕ್ಷ್ಮಿದೇವಮ್ಮ ಮಗನ ತುಟಿ ನೋಡಿ ಎದೆ ಹಿಡಿದುಕೊಂಡು ಕುಸಿದರು. ಹೆಂಗಸರೆಲ್ಲ ಒಟ್ಟಿಗೆ ಗೋಳಿಟ್ಟರು. ನಡುಮನೆಯ ಕುರ್ಚಿಯಲ್ಲಿ ಲೋಟ ಹಿಡಿದು ಕೂತಿದ್ದ ಕೆಂಪಯ್ಯನವರು ಈ ಗಲಾಟೆ ಏನೆಂದು ಕತ್ತು ಚಾಚಿದರು. ನೋಡಿದರು. ತಮ್ಮ ಮೀಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಲೇ ಉಗ್ರ, ನಾನಿನ್ನೂ ಇಲ್ಲೇ ಕೂತಿದೀನಲ್ಲೋ! ಕಾಫಿ ಬೇರೆ ಮುಗಿದಿಲ್ಲ."

ಉಗ್ರಪ್ಪನಿಗೆ ಆಗ ನೆನಪಾಯಿತು. ಅವರ ಕಡೆ ಗಂಡಸು ಮೀಸೆ ತೆಗೆಯುವುದು ಅಪ್ಪ ತೀರಿಕೊಂಡಾಗ ಮಾತ್ರ. ಮೂರು ವಾರ ಎಲ್ಲ ಕಡೆಯಿಂದಲೂ ಯೋಚಿಸಿದವನು ಈ ಒಂದು ಕಡೆ ನೋಡಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರೆ. ಇವನು ಅಪ್ಪನನ್ನು ಮುಗಿಸಿಯೇ ಬಂದಿದ್ದ.

ಲಕ್ಷ್ಮಿದೇವಮ್ಮ ಮೊದಲು ಗಂಡನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆಮೇಲೆ ಮಗನ ಕಡೆ ತಿರುಗಿ, "ಯಾಕೋ ಮಾಡಿದೆ ಈ ಅನಿಷ್ಟ? ಶುಭಕಾರ್ಯದ ದಿನ?" ಎಂದರು.

ಸುತ್ತ ಇಪ್ಪತ್ತು ಜನ ನಿಂತಿದ್ದರು. ಬಾಗಿಲ ಸಂದಿಯಲ್ಲಿ ಹತ್ತು ಮಕ್ಕಳು. ಸುಳ್ಳು ಹೇಳೋಣವೆಂದರೆ ಉಗ್ರಪ್ಪನಿಗೆ ಒಂದೂ ಹೊಳೆಯಲಿಲ್ಲ.

"ಹೊನ್ನಿಗೆ ಗುರುತು ಸಿಗಬಾರದು ಅಂತಮ್ಮ" ಎಂದ. "ಎಲ್ಲಾ ಮಕ್ಕಳೂ ನನ್ನ ಕಂಡ್ರೆ ಓಡೋಗ್ತವೆ. ಇವಳೊಬ್ಬಳು ಬರ್ತಾಳೆ. ಇವಳೂ ಬಿಟ್ಟುಬಿಡ್ತಾಳೆ ಅಂತ..."

ಗೋಳು ನಿಂತಿತು. ಅಂಜನಮ್ಮ ತಂಗಿಯರ ಮುಖ ನೋಡಿದಳು, ತಂಗಿಯರು ನೆಲ ನೋಡಿದರು. ಅವತ್ತು ಬೆಳಗ್ಗೆ ಕೂಡ ಅವರಲ್ಲೊಬ್ಬಳು ಮೂರು ವರ್ಷದ ಮಗಳು ವೇಣಿಗೆ ಉಪ್ಪಿಟ್ಟು ತಿನ್ನಿಸಿದ್ದು ಇವನ ಹೆಸರು ಹೇಳಿಯೇ. ಇಂದ್ರಮ್ಮ ಸೆರಗಿನ ಮರೆಯಲ್ಲಿ ಮೂಗು ಒರೆಸಿಕೊಂಡಳು. ಅವಳಿಗೆ ನಗುವೂ ಬಂದಿತ್ತು, ಅಳುವೂ ಬಂದಿತ್ತು.

"ಆಗಿದ್ದಾಯ್ತು. ಬೋಳು ತುಟೀಲಿ ಮಣೆ ಮೇಲೆ ಕೂರೋ ಹಾಗಿಲ್ಲ" ಎಂದು ಲಕ್ಷ್ಮಿದೇವಮ್ಮ ಮಗುವಿನ ಕಾಡಿಗೆ ಡಬ್ಬಿ ತರಿಸಿ, ಮಗನ ಗಲ್ಲ ಹಿಡಿದು, ತುಟಿಯ ಮೇಲೆ ದಪ್ಪಗೆ ಒಂದು ಮೀಸೆ ಬರೆದರು. ಎಡಕ್ಕಿಂತ ಬಲ ಸ್ವಲ್ಪ ಉದ್ದವಾಯಿತು. ಬಾಗಿಲ ಸಂದಿಯಲ್ಲಿ ಯಾರೋ ಕಿಸಕ್ಕೆಂದರು.

ಉಗ್ರಪ್ಪ ಹೊಸ ಶಲ್ಯ ಹೊದ್ದು ಮಣೆಯ ಮೇಲೆ ಕೂತ. ಯಶೋದೆ ಹೊನ್ನಿಯನ್ನು ತಂದು ಅವನ ತೊಡೆಯ ಮೇಲಿಟ್ಟಳು. ಹೊನ್ನಿ ಆ ಮುಖವನ್ನು ನೋಡಿದವಳೇ ಸೂಜಿ ಬರುವ ಮೊದಲೇ ತಾರಕ ಸ್ವರದಲ್ಲಿ ಅಳತೊಡಗಿದಳು. ಯಾವನೋ ಅಪರಿಚಿತ ಎತ್ತಿಕೊಂಡ ಹಾಗೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಒದ್ದಾಡಿದಳು. ಉಪಾಯ ಫಲಿಸಿತ್ತು, ಅವಳಿಗೆ ನಿಜಕ್ಕೂ ಗುರುತು ಸಿಕ್ಕಿರಲಿಲ್ಲ. ಅದು ಇಷ್ಟು ಸಂಕಟ ಕೊಡುತ್ತದೆಂದು ಉಗ್ರಪ್ಪನಿಗೆ ಗೊತ್ತಿರಲಿಲ್ಲ.

"ಹೀಗೆ ಆಡಿದ್ರೆ ಸೂಜಿ ಎಲ್ಲೋ ಹೋಗತ್ತೆ ಸ್ವಾಮಿ. ಸುಮ್ನೆ ಮಾಡಿಸಿ" ಎಂದರು ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿ ಆಚಾರ್ರು, ಚಿನ್ನದ ತಂತಿ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ.

ಬಾಯಿ ಮುಚ್ಚಿಕೊಂಡಿದ್ದರೆ ಉಗ್ರಪ್ಪ ಅಪರಿಚಿತನಾಗಿಯೇ ಉಳಿಯಬಹುದಿತ್ತು. ಮೂರು ವಾರದ ಲೆಕ್ಕಾಚಾರವೂ ಉಳಿಯುತ್ತಿತ್ತು. ಆದರೆ ಮಗು ಉಸಿರು ಕಟ್ಟಿ ಅಳುತ್ತಿತ್ತು. ಅವನು ಬಗ್ಗಿ ಅವಳ ಕಿವಿಯ ಹತ್ತಿರ ಮೆಲ್ಲಗೆ ಅಂದ: "ರೈಟ್ ರೈಟ್."

ಅಳು ತಟಕ್ಕನೆ ನಿಂತಿತು. ಹೊನ್ನಿ ಅವನ ಬಾಯಿಯನ್ನೇ ನೋಡಿದಳು. ಅವನು ಇನ್ನೊಮ್ಮೆ ಅಂದ. ಅವಳು ಕೈ ಚಾಚಿ ಮೀಸೆಯಿರಬೇಕಾದ ಜಾಗವನ್ನು ಹಿಡಿಯಲು ನೋಡಿದಳು. ಕೈಗೆ ಕಾಡಿಗೆ ಬಂತು. ಅವಳು ಆ ಕರಿ ಬೆರಳುಗಳನ್ನು ಆಶ್ಚರ್ಯದಿಂದ ನೋಡುತ್ತಿರುವಾಗಲೇ ಆಚಾರ್ರು ಒಂದು ಕಿವಿ ಮುಗಿಸಿದರು. ಅವಳು ಚೀರಲು ಬಾಯಿ ತೆರೆದು ಉಸಿರೆಳೆಯುವಷ್ಟರಲ್ಲಿ ಇನ್ನೊಂದು. ಪಳಗಿದ ಕೈ ಅದು.

ಆ ಚೀರು ಉಪನಗರದ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ಯಶೋದೆ ಬೆಲ್ಲದ ಚೂರು ಹಿಡಿದು ಓಡಿಬಂದು ಕೈ ಚಾಚಿದಳು. "ಕೊಡಣ್ಣ."

ಇದುವರೆಗಿನ ಹತ್ತು ಸಲವೂ ಈ ಘಳಿಗೆಯಲ್ಲಿ ಉಗ್ರಪ್ಪ ಮಗುವನ್ನು ಕಾದ ಪಾತ್ರೆಯಂತೆ ತಾಯಿಯ ಮಡಿಲಿಗಿಟ್ಟು ಹಿತ್ತಲಿಗೆ ಓಡಿದ್ದ. ಬೀಡಿ ಸೇದಲು ಹೋದನೆಂದು ಎಲ್ಲರೂ ತಿಳಿದಿದ್ದರು. ಹಿತ್ತಲಿನ ಗೋಡೆಗೆ ಮುಖ ಮಾಡಿ ಅವನು ಅಳುತ್ತಿದ್ದುದು ಇಂದ್ರಮ್ಮನನ್ನು ಬಿಟ್ಟು ಇನ್ನಾರಿಗೂ ತಿಳಿಯದು. ಮಕ್ಕಳು ಕಂಡದ್ದಿಷ್ಟೇ: ಮಾಮ ಬಂದ, ಹಿಡಿದುಕೊಂಡ, ನೋಯಿಸಿದ, ಎದ್ದು ಹೋದ.

ಇವತ್ತೂ ಅವನು ಕೊಡಲೆಂದು ಕೈ ಮುಂದೆ ಮಾಡಿದ. ಹೊನ್ನಿ ಹೋಗಲಿಲ್ಲ. ಎರಡೂ ಮುಷ್ಟಿಯಲ್ಲಿ ಅವನ ಶರಟಿನ ಕಾಲರು ಬಿಗಿಯಾಗಿತ್ತು, ಮುಖ ಅವನ ಕತ್ತಿನೊಳಗೆ ಹುದುಗಿತ್ತು. ಯಶೋದೆ ಬಿಡಿಸಲು ನೋಡಿದಷ್ಟೂ ಅವಳು ಇನ್ನೂ ಒತ್ತಿಕೊಂಡಳು. ನೋವು ಕೊಟ್ಟವನ ಮೇಲೆಯೇ ಬಿದ್ದು ಅಳುತ್ತಿದ್ದಳು.

ಉಗ್ರಪ್ಪನಿಗೆ ಏಳಲಾಗಲಿಲ್ಲ, ತಡೆದುಕೊಳ್ಳಲೂ ಆಗಲಿಲ್ಲ. ಇಪ್ಪತ್ತು ಜನರ ಮುಂದೆ, ಮಣೆಯ ಮೇಲೆ ಕೂತೇ ಅತ್ತುಬಿಟ್ಟ. ಕಾಡಿಗೆ ಕರಗಿ ಮೀಸೆ ಗಲ್ಲಕ್ಕಿಳಿಯಿತು.

ಬಾಗಿಲ ಸಂದಿಯಿಂದ ಅಂಜನಮ್ಮನ ಮಗಳು ಸುಕನ್ಯ ಹೊರಗೆ ಬಂದಳು. ಹತ್ತು ಮಕ್ಕಳಲ್ಲಿ ದೊಡ್ಡವಳು. ಹತ್ತಿರ ಬಂದು ಬಗ್ಗಿ ನೋಡಿದಳು.

"ಮಾಮ, ನೀನೂ ಅಳ್ತೀಯಾ?"

"ಹೂಂ ಕಣೇ."

"ನಮ್ಮದು ಚುಚ್ಚಿದಾಗ್ಲೂ ಅತ್ತಿದ್ಯಾ?"

"ಎಲ್ಲರದೂ ಚುಚ್ಚಿದಾಗ ಅತ್ತಿದೀನಿ."

ಸುಕನ್ಯ ತಿರುಗಿ ಉಳಿದವರಿಗೆ ಅದನ್ನು ಗಟ್ಟಿಯಾಗಿ ಹೇಳಿದಳು. ಒಬ್ಬೊಬ್ಬರಾಗಿ ಅವರು ಹೊರಗೆ ಬಂದು ಮಣೆಯ ಸುತ್ತ ನಿಂತರು. ವೇಣಿ ಎಲ್ಲರ ಕಾಲುಗಳ ನಡುವೆ ನುಸುಳಿ ಮುಂದೆ ಬಂದಳು. ಯಶೋದೆಯ ಕೈಯಿಂದ ತೆಗೆದುಕೊಂಡ ಬೆಲ್ಲದ ಚೂರು ಅವಳ ಕೈಯಲ್ಲಿ ಅಂಟುಅಂಟಾಗಿತ್ತು. ಅವಳು ಉಗ್ರಪ್ಪನ ಮಂಡಿ ಹಿಡಿದು, ಖಾಲಿಯಿದ್ದ ಇನ್ನೊಂದು ತೊಡೆಯ ಮೇಲೆ ಹತ್ತಿ ಕೂತು, ಬೆಲ್ಲವನ್ನು ಅವನ ಬಾಯಿಗೆ ತುರುಕಿದಳು.

"ತಿನ್ನು ಮಾಮ. ಈಗ ಹೋಗ್ಬಿಡತ್ತೆ ನೋವು."